ಇಬ್ಬರೇ ಕೂರುವ ಕಾರು

ಹೋದ ಭಾನುವಾರ ಊಟಕ್ಕೆ ಕೂತಾಗ ನೀವಿಬ್ಬರೂ ಕಾರಿನ ವಿಷಯಕ್ಕೆ ಜಗಳವಾಡಿದಿರಿ. ಹೊಸ ಕಾರಿನ ಬೆನ್ನಿಗೆ 'ಸ್ಪೋರ್ಟ್' ಎಂದು ಬರೆದಿದೆ, ಆದ್ದರಿಂದ ಅದು ಸ್ಪೋರ್ಟ್ಸ್ ಕಾರೇ ಎಂದು ಅಣ್ಣ. ನಾಲ್ಕು ಬಾಗಿಲಿದ್ದು ಹಿಂದೆ ಅಕ್ಕಿ ಮೂಟೆ ಹಿಡಿಸುವ ಕಾರು ಅದು ಹೇಗಾದೀತು ಎಂದು ತಂಗಿ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಸಾರು ಬಡಿಸುತ್ತ ಸುಮ್ಮನಿರುತ್ತಿದ್ದೆ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಜ್ಜನ ಹತ್ತಿರ ನಿಜವಾದ ಸ್ಪೋರ್ಟ್ಸ್ ಕಾರು ಒಂದಿತ್ತು. ಒಂದು ಬೇಸಿಗೆಯ ಮಟ್ಟಿಗೆ ಇತ್ತು.

ಅದು ಐವತ್ತರ ದಶಕದ ಕೊನೆ. ನಾನು ಮದುವೆಯಾಗಿ ದಾವಣಗೆರೆಗೆ ಬಂದು ಒಂದು ವರ್ಷವಾಗಿತ್ತು. ನೀವೀಗ ಇರುವ ನಿಜಲಿಂಗಪ್ಪ ಬಡಾವಣೆ ಆಗ ಇರಲಿಲ್ಲ. ನಮ್ಮ ಮಾವನವರದು ಹತ್ತಿ ಮಂಡಿ. ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ವಿಲಾಯತಿ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೊರಟು ನಿಂತಾಗ ಕಾರು ಮಾರುತ್ತಾನೆಂದು ಸುದ್ದಿ ಬಂತು. ನಿಮ್ಮ ಅಜ್ಜ ಹೋಗಿ ನೋಡಿ ಬಂದರು, ಮಾವನವರು ನೋಡದೆಯೇ ಹೂಂ ಅಂದರು. ಕಾರು ಎಂದರೆ ಮನೆಮಂದಿಯೆಲ್ಲ ಕೂರುವ ಕಾರು ಎಂದು ಅವರ ತಿಳುವಳಿಕೆ.

ಬಾಗಿಲಿಗೆ ಬಂದು ನಿಂತದ್ದು ಹಸಿರು ಬಣ್ಣದ, ಮೊಣಕಾಲೆತ್ತರದ ಒಂದು ವಸ್ತು. ತಲೆಯ ಮೇಲೆ ಸೂರಿಲ್ಲ. ಚಕ್ರಗಳಿಗೆ ಸೈಕಲ್ಲಿನಂತೆ ಕಡ್ಡಿಗಳು. ಎಂಜಿನ್ನಿನ ಮುಚ್ಚಳಕ್ಕೆ ಚರ್ಮದ ಬೆಲ್ಟು, ಹೊಟ್ಟೆ ಬಂದ ಸಾಹುಕಾರರು ಬಿಗಿದುಕೊಳ್ಳುತ್ತಾರಲ್ಲ, ಹಾಗೆ. ಕೂರಲು ಎರಡೇ ಜಾಗ. ಅಂಗಳದಲ್ಲಿದ್ದ ನಮ್ಮ ಎಮ್ಮೆ ಅದನ್ನು ಮೇಲಿನಿಂದ ಕೆಳಗೆ ನೋಡಿತು.

ಮಾವನವರು ಸುತ್ತು ಹಾಕಿ ಉಳಿದ ಅರ್ಧ ಎಲ್ಲಿ ಎಂದು ಕೇಳಿದರು. ನಿಮ್ಮ ಅಜ್ಜ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸಿದರು. ಇದು ಸ್ಪೋರ್ಟ್ಸ್ ಕಾರು. ನಿಜವಾದ ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿಕೊಂಡಷ್ಟು ತಗ್ಗಾಗಿರಬೇಕು, ಗಾಳಿ ಮುಖಕ್ಕೆ ಹೊಡೆಯಬೇಕು, ಎಂಜಿನ್ ಸದ್ದು ಎದೆಗೆ ತಾಗಬೇಕು, ಮತ್ತು ಇಬ್ಬರಿಗಿಂತ ಹೆಚ್ಚು ಜನಕ್ಕೆ ಜಾಗ ಇರಲೇಬಾರದು. ಅವರು ಒಂದೊಂದು ಗುಣ ಹೇಳಿದಂತೆಲ್ಲ ಮಾವನವರ ಮುಖ ಒಂದೊಂದು ದೋಷ ಕೇಳಿದವರಂತೆ ಇಳಿಯಿತು.

ಅಡುಗೆಮನೆ ಬಾಗಿಲ ಹಿಂದೆ ನಿಂತು ನಾನೂ ಕೇಳಿಸಿಕೊಂಡೆ. ನನ್ನ ತವರು ಕಡರನಾಯಕನಹಳ್ಳಿಯ ಶಾಲೆಯಲ್ಲಿ ಸ್ಪೋರ್ಟ್ಸ್ ಎಂದರೆ ಮೂರು ಕಾಲಿನ ಓಟ, ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಬೀಳದಂತೆ ಓಡುವುದು. ಗೆದ್ದವರಿಗೆ ಸೋಪಿನ ಡಬ್ಬಿ. ಆ ಎಂಜಿನಿಯರ್ ಯಾವುದೋ ದೊಡ್ಡ ಓಟ ಗೆದ್ದು ಈ ಕಾರು ಪಡೆದಿರಬೇಕು, ಪಾಪ, ಎರಡನೇ ಬಹುಮಾನವಿರಬೇಕು, ಅದಕ್ಕೇ ಇಷ್ಟು ಚಿಕ್ಕದು ಕೊಟ್ಟಿದ್ದಾರೆ ಎಂದುಕೊಂಡೆ. ಅಷ್ಟನ್ನು ನಾದಿನಿಯ ಕಿವಿಯಲ್ಲಿ ಹೇಳಿದ್ದೇ ತಪ್ಪಾಯಿತು. ನಗೆಯ ಸುದ್ದಿ ಪಡಸಾಲೆಗೆ ಹೋಗಿ, ಅಲ್ಲಿಂದ ಬೀದಿಗೆ ಹೋಯಿತು.

ಆದರೆ ಎರಡೇ ಸೀಟು ಎಂಬ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನಮ್ಮ ಮನೆಯಲ್ಲಿ ಹಗಲು ಹೊತ್ತು ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಊಟಕ್ಕೆ ಬನ್ನಿ ಎಂಬುದನ್ನೂ ನಾದಿನಿಯ ಮೂಲಕ ಹೇಳಿ ಕಳಿಸುತ್ತಿದ್ದೆ. ಮಲಗುವ ಕೋಣೆಯಲ್ಲಿ ಮಾತಾಡೋಣವೆಂದರೆ ಅತ್ತೆಯವರ ಕೋಣೆಗೂ ನಮ್ಮದಕ್ಕೂ ನಡುವೆ ಇದ್ದದ್ದು ಸೂರಿಗೆ ಮುಟ್ಟದ ಗೋಡೆ. ಮದುವೆಯಾಗಿ ವರ್ಷವಾದರೂ ನಿಮ್ಮ ಅಜ್ಜನ ದನಿಯನ್ನು ನಾನು ಅವರು ಬೇರೆಯವರ ಜೊತೆ ಮಾತಾಡುವಾಗಲೇ ಹೆಚ್ಚು ಕೇಳಿದ್ದೆ. ಒಂದು ಸಲ ಆ ಕಾರಿನಲ್ಲಿ ಅವರ ಪಕ್ಕ ಕೂತು ಹರಿಹರದವರೆಗೆ ಹೋಗಿ ಬರಬೇಕು ಎಂಬ ಆಸೆ ಹುಟ್ಟಿತು. ಯಾರಿಗೂ ಹೇಳಲಿಲ್ಲ.

ಹೇಳದಿದ್ದರೂ ಅತ್ತೆಗೆ ತಿಳಿದಿತ್ತು.

"ಎರಡ ಸೀಟಂತ. ಮನಿ ಒಡೆಯೋಕಂತ್ಲೇ ಮಾಡ್ಯಾರ ಇದನ್ನ," ಎಂದು ಅವರು ತೀರ್ಪು ಕೊಟ್ಟು, ಮನೆ ಒಡೆಯದಿರಲಿ ಎಂಬ ಒಂದೇ ಕಾರಣಕ್ಕೆ, ಮೊದಲ ಸೋಮವಾರವೇ ಆ ಇನ್ನೊಂದು ಸೀಟಿನಲ್ಲಿ ತಾವು ಕೂತರು. ಹರಿಹರದ ದೇವಸ್ಥಾನಕ್ಕೆ ಹೊರಟದ್ದು. ಚಾಪೆಯ ಮೇಲೆ ಕೂರುವಂತೆ ಸಲೀಸಾಗಿ ಕೂತು, ಸೆರಗು ಬಿಗಿದು, ಬೀದಿಯ ಎರಡೂ ಕಡೆ ನೋಡುತ್ತ ಹೋದರು.

ಕೂರುವುದಷ್ಟೇ ಸಲೀಸು. ದೇವಸ್ಥಾನದ ಮುಂದೆ ಕಾರು ನಿಂತಾಗ ಅತ್ತೆಗೆ ಏಳಲು ಆಗಲಿಲ್ಲ. ಹಿಡಿದುಕೊಳ್ಳಲು ಮೇಲೆ ಏನೂ ಇಲ್ಲ, ಕಾಲು ಊರಲು ಕೆಳಗೆ ಜಾಗವಿಲ್ಲ. ಅವರು ಸ್ವಲ್ಪ ದಪ್ಪವೂ ಇದ್ದರು. ನಿಮ್ಮ ಅಜ್ಜ ಒಂದು ರಟ್ಟೆ ಎಳೆದು ಸೋತರು. ಕೊನೆಗೆ ಹೂ ಮಾರುವ ಹೆಂಗಸರಿಬ್ಬರು ಬುಟ್ಟಿ ಇಳಿಸಿ ಬಂದು, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಎಬ್ಬಿಸಿದರಂತೆ. ಅದನ್ನು ನೋಡಲು ಅದೇ ಹೊತ್ತಿಗೆ ಬೀಗರ ಕಡೆಯವರು ಒಬ್ಬರು ಬರಬೇಕೆ? ಅತ್ತೆ ವಾಪಸ್ಸು ಬಂದದ್ದು ಬಸ್ಸಿನಲ್ಲಿ. ನಿಮ್ಮ ಅಜ್ಜ ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆ ಧೂಳು ಕುಡಿಯುತ್ತ ಬಂದರು.

"ಕಾರಲ್ಲ ಅದು, ಬಾವಿ," ಎಂದರು ಅತ್ತೆ. ಅಂದಿನಿಂದ ಆ ಕಾರಿನ ಕಡೆ ನೋಡಲಿಲ್ಲ.

ಮಾವನವರು ಗ್ಯಾರೇಜಿನ ಸಾಹೇಬರನ್ನು ಕರೆಸಿದರು. ಅವರು ಹಿಂದೆ ಮುಂದೆ ನೋಡಿ, ಹಿಂಬದಿಯಲ್ಲಿ ಹಲಗೆ ಕೂರಿಸಿ ಮೇಲೆ ಗಾದಿ ಹಾಕಿದರೆ ಇನ್ನೂ ಇಬ್ಬರು ಕೂರಬಹುದು, ಮೇಲೊಂದು ತಗಡಿನ ಸೂರನ್ನೂ ಮಾಡಿಕೊಡುತ್ತೇನೆ ಎಂದರು. ನಿಮ್ಮ ಅಜ್ಜ ಹಿರಿಯರಿಗೆ ಎದುರಾಡಿದವರಲ್ಲ. ಅವತ್ತು ಆಡಿದರು.

"ಹಿಂದೆ ಸೀಟ್ ಹಾಕಿದ್ರೆ ಅದು ಸ್ಪೋರ್ಟ್ಸ್ ಕಾರಾಗಿ ಉಳಿಯಂಗಿಲ್ಲ ಅಪ್ಪಾಜಿ."

"ಉಳೀದಿದ್ರೆ ಏನಾತು? ಕಾರಾಗಿ ಉಳಿದ್ರೆ ಸಾಕು," ಎಂದರು ಮಾವನವರು. ಹಲಗೆ ಹಾಕಿಸು, ಇಲ್ಲವೇ ಮಾರು. ಮುಂದಿನ ವಾರವೇ ಗ್ಯಾರೇಜಿಗೆ ಬಿಡುವುದೆಂದು ತೀರ್ಮಾನವಾಯಿತು. ನನ್ನ ಆಸೆಗೆ ಉಳಿದದ್ದು ಅಷ್ಟೇ ದಿನ. ಹಲಗೆ ಬಂದ ಮೇಲೆ ನನ್ನ ಜಾಗ ಯಾವುದು ಎಂಬುದು ಯಾರೂ ಹೇಳದೆ ತಿಳಿಯುವಂತಿತ್ತು.

ಅಷ್ಟರಲ್ಲಿ ಹರಿಹರದಲ್ಲಿದ್ದ ಅತ್ತೆಯ ತಂಗಿಯ ಮನೆಯಿಂದ ಕರೆ ಬಂತು. ಅವರ ಮಗಳ ಕುಬಸ, ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನಮ್ಮ ಮನೆಯಿಂದ ಮುತ್ತೈದೆಯೊಬ್ಬಳು ಹೋಗಲೇಬೇಕು, ಗಂಡಸರು ಹೋಗಿ ಉಡಿ ತುಂಬಲಾಗದು. ಬಸ್ಸಿನಲ್ಲಿ ಹೋಗೋಣವೆಂದರೆ, ಕಾರು ತಂದ ಸುದ್ದಿ ಹರಿಹರಕ್ಕೆಲ್ಲ ಗೊತ್ತು. ಮನೆ ಮುಂದೆ ಕಾರಿಟ್ಟುಕೊಂಡು ಬಸ್ಸಿನಲ್ಲಿ ಇಳಿದರೆ ಮರ್ಯಾದೆ ಏನಾಗಬೇಕು? ಕಾರಿನಲ್ಲಿ ಹೋಗೋಣವೆಂದರೆ ಅತ್ತೆಯನ್ನು ಎಬ್ಬಿಸುವವರು ಯಾರು? ಅವರು ಎರಡು ದಿನ ಯೋಚಿಸಿದರು. ಮೂರನೆಯ ದಿನ ನಾನು ರೊಟ್ಟಿ ತಟ್ಟುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ನೀನ ಹೋಗವ್ವ. ಸಣ್ಣಾಕಿ, ಕುಂತ್ರೆ ಎದ್ದಾರ ಬರ್ತಿ," ಎಂದರು. ತಗ್ಗಾಗಿರಬೇಕು ಎಂದು ನಿಮ್ಮ ಅಜ್ಜ ಹೇಳಿದ ಗುಣದ ಬೆಲೆ ನನಗೆ ಆಗ ತಿಳಿಯಿತು.

ಸೀರೆ, ಖಣ, ತೆಂಗಿನಕಾಯಿ, ಅಕ್ಕಿ ಎಲ್ಲ ಇದ್ದ ಹಿತ್ತಾಳೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಸಾಮಾನು ಇಡುವ ಜಾಗವೂ ಆ ಕಾರಿಗೆ ಇರಲಿಲ್ಲ. ಊರು ದಾಟಿದ್ದೇ ಗಾಳಿ ಮುಖಕ್ಕೆ ಹೊಡೆಯಿತು. ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ತಟ್ಟೆ. ಅಕ್ಕಿ ಕಾಳು ಹಾರಿ ಕೆನ್ನೆಗೆ ಬಡಿಯುತ್ತಿತ್ತು. ಎಂಜಿನ್ ಸದ್ದು ಎದೆಗೇನು, ಹಲ್ಲಿಗೂ ತಾಗಿತು. ಪಕ್ಕದಲ್ಲಿ ಕೂತು ಏನೇನೋ ಮಾತಾಡಬೇಕೆಂದು ವಾರದಿಂದ ಜೋಡಿಸಿಟ್ಟುಕೊಂಡಿದ್ದೆ, ಒಂದಕ್ಷರಕ್ಕೂ ದಾರಿಯಿಲ್ಲ. ಅವರು ಆಗಾಗ ಈ ಕಡೆ ಬಾಗಿ ಏನೋ ಕೂಗುತ್ತಿದ್ದರು. ನನಗೆ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದೆ. ಇಬ್ಬರಿಗೇ ಎಂದು ಮಾಡಿದ ಕಾರಿನಲ್ಲಿ ಇಬ್ಬರು ಮಾತಾಡದ ಹಾಗೆ ಮಾಡಿಟ್ಟಿದ್ದಾರಲ್ಲ ಎಂದು ಬೇಸರವಾಯಿತು.

ಹರಿಹರ ಇನ್ನೇನು ಬಂತು ಎನ್ನುವಾಗ ರೈಲ್ವೆ ಗೇಟು ಹಾಕಿತ್ತು. ಮುಂದೆ ಯಾರೂ ಇರಲಿಲ್ಲ. ನಿಮ್ಮ ಅಜ್ಜ ಎಂಜಿನ್ ಆರಿಸಿದರು. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದದ್ದು ನಿಧಾನವಾಗಿ ಇಳಿದು, ಬೇಲಿಯಲ್ಲಿ ಹಕ್ಕಿ ಕೂಗುವುದು ಕೇಳಿಸಿತು.

"ಎರಡು ಸಲ ಕೇಳಿದೆ. ಎರಡು ಸಲಾನೂ ಹೂಂ ಅಂದಿ," ಎಂದರು.

ಏನು ಕೇಳಿದಿರಿ ಎಂದೆ.

"ಭಯ ಆದ್ರೆ ಇಳಿದು ಬಸ್ಸಿಗೆ ಬರ್ತೀಯೇನು ಅಂತ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಹಗಲಿನಲ್ಲಿ ನನ್ನ ಎದುರು ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು. ಹಲ್ಲಿನ ಸಾಲಿನಲ್ಲಿ ಒಂದು ಸ್ವಲ್ಪ ಸೊಟ್ಟ ಇತ್ತು, ಅದೂ ನನಗೆ ಗೊತ್ತಿರಲಿಲ್ಲ. ಆಮೇಲೆ ಅವರು ನಮ್ಮೂರಿನ ಶಾಲೆಯ ಓಟದ ಬಗ್ಗೆ ಕೇಳಿದರು. ನಾನು ನಿಂಬೆಹಣ್ಣಿನ ಓಟದಲ್ಲಿ ಗೆದ್ದೆನೆಂದೆ. ಗೂಡ್ಸ್ ರೈಲು ಬಂದು ಬಹಳ ಹೊತ್ತು ಹಾದುಹೋಯಿತು. ಅದು ಹೋದ ಮೇಲೆ, ಧೈರ್ಯ ಎಲ್ಲಿಂದ ಬಂತೋ, ತಟ್ಟೆ ನೋಡುತ್ತ ಹೇಳಿದೆ:

"ಹಿಂದೆ ಸೀಟ್ ಹಾಕಿಸಬ್ಯಾಡ್ರಿ."

ಗೇಟು ಮೇಲೆದ್ದಿತು. ಹಿಂದೆ ಎತ್ತಿನ ಗಾಡಿಗಳ ಸಾಲು ನಿಂತಿತ್ತು, ಗಾಡಿಯವರು ಕೂಗತೊಡಗಿದರು. ನಿಮ್ಮ ಅಜ್ಜ ಹಿಂದೆ ತಿರುಗಿ, ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದರು. ಸ್ಟಾರ್ಟ್ ಮಾಡುವ ಗುಂಡಿ ನನ್ನ ಕಣ್ಣೆದುರಿಗೇ ಇತ್ತು. ಅವರ ಕೈ ಅದರ ಹತ್ತಿರ ಹೋಗಿಯೇ ಇರಲಿಲ್ಲ. ಇಬ್ಬರು ಗಾಡಿಯವರು ಇಳಿದು ಬಂದರು.

"ಕುಂತಿರೋರು ಇಬ್ರು, ತಳ್ಳೋರೂ ಇಬ್ರು ಬೇಕೇನ್ರಿ ಸಾವ್ಕಾರ್ರ ಇದಕ್ಕ?" ಎಂದು ಒಬ್ಬ ಗೊಣಗಿದ. ಕಾರನ್ನು ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ತಳ್ಳಿ ನಿಲ್ಲಿಸಿ ಹೋದರು. ನಾವು ಇನ್ನೊಂದು ರೈಲು ಬರುವವರೆಗೂ ಅಲ್ಲೇ ಕೂತಿದ್ದೆವು. ಕುಬಸದ ಮನೆಯಲ್ಲಿ ತಡವೇಕೆಂದು ಕೇಳಿದ್ದಕ್ಕೆ ಅಜ್ಜ ರೈಲ್ವೆ ಗೇಟು ಎಂದರು. ನಾನು ತಲೆ ತಗ್ಗಿಸಿ ಉಡಿ ತುಂಬಿದೆ. ಅಕ್ಕಿ ಸ್ವಲ್ಪ ಕಡಿಮೆ ಬಿತ್ತು.

ಮುಂದಿನ ವಾರ ಗ್ಯಾರೇಜಿಗೆ ಹೋದ ನಿಮ್ಮ ಅಜ್ಜ ಬಂದು, ಅಳತೆ ಸರಿಹೋಗುವುದಿಲ್ಲವಂತೆ, ಹಲಗೆ ಕೂರುವುದಿಲ್ಲವಂತೆ ಎಂದರು. ಹಾಗಾದರೆ ಮಾರು ಎಂದರು ಮಾವನವರು. ಕಾರು ಹೋಯಿತು. ನಿಜವಾದ ಸ್ಪೋರ್ಟ್ಸ್ ಕಾರಾಗಿಯೇ ಹೋಯಿತು.

ಅದರ ಜಾಗಕ್ಕೆ ಕಪ್ಪು ಬಣ್ಣದ ದೊಡ್ಡ ಕಾರು ಬಂತು. ಸೂರಿತ್ತು, ನಾಲ್ಕು ಬಾಗಿಲಿತ್ತು, ಅತ್ತೆ ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವರಿಗೂ ನಾದಿನಿಗೂ ನಡುವೆ ನಾನು. ಮುಂದೆ ಮಾವನವರ ಪಕ್ಕ ನಿಮ್ಮ ಅಜ್ಜ. ಅದರ ಎಂಜಿನ್ನಿಗೆ ಸದ್ದೇ ಇರಲಿಲ್ಲ. ಒಳಗೆ ಯಾರು ಎಷ್ಟು ಮೆಲ್ಲಗೆ ಮಾತಾಡಿದರೂ ಎಲ್ಲರಿಗೂ ಕೇಳಿಸುತ್ತಿತ್ತು. ಹಾಗಾಗಿ ಅದರಲ್ಲಿ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ.