ಬೂದು ಕಾರ್ಡಿನ ಹಿಂದೆ
ನಾನು ಬಟ್ಟೆ ಇಸ್ತ್ರಿ ಮಾಡಿಕೊಡುವ ಸ್ಟುಡಿಯೋದ ಫೋಟೋಗ್ರಾಫರ್ ಸಾಹೇಬರು ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಫ್ಯಾಷನ್ ಪತ್ರಿಕೆಯ ಆರು ಪುಟಕ್ಕೆ ಆರು ವಾರ ತಲೆ ಕೆಡಿಸಿಕೊಳ್ಳುತ್ತಾರೆ, ಒಂದೊಂದು ಚಿತ್ರವನ್ನೂ ಮೊದಲೇ ಪೆನ್ಸಿಲ್ಲಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ, ಎಲ್ಲೋ ಒಂದು ಸುಕ್ಕು ಕಂಡರೆ "ಇದು ಅಂಗಿನೋ, ನೆಲ ಒರೆಸೋ ಬಟ್ಟೆನೋ?" ಎಂದು ನನ್ನ ಜೀವ ತಿನ್ನುತ್ತಾರೆ. ರೂಪದರ್ಶಿ ಬರುವ ಎರಡು ಗಂಟೆ ಮೊದಲೇ ದೀಪ ಹೊಂದಿಸಬೇಕು. ಇಪ್ಪತ್ತು ವರ್ಷ ರೂಪದರ್ಶಿಯ ಜಾಗದಲ್ಲಿ ಆ ದೀಪದ ಎದುರು ನಿಂತವರು ಅವರ ಹೆಂಡತಿ. ಬೆಳಕು ಅಳೆಯುವ ಬೂದು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು "ಕಾಲು ನೋಯ್ತಿದೆ ಕಣ್ರೀ" ಎಂದರೆ, "ಅಲ್ಲಾಡಬೇಡ ಕಣೆ, ಇನ್ನೊಂದೇ ಒಂದು" ಎನ್ನುವರು. "ನನ್ನದೂ ಒಂದು ಫೋಟೋ ತೆಗೀರಿ" ಎಂದು ಆಕೆ ಕೇಳಿದರೆ, "ದಿನಾ ತೆಗೀತಿಲ್ವಾ?" ಹೋದ ತಿಂಗಳು ಆಕೆ ತೀರಿಕೊಂಡಾಗ ಹೂಹಾರ ಹಾಕಲು ಒಂದು ಫೋಟೋ ಬೇಕಾಯಿತು. ಸಾಹೇಬರು ಕಂಪ್ಯೂಟರಿನಲ್ಲಿ ಸಾವಿರಾರು ಚಿತ್ರ ತೆರೆದರು. ಒಂದೊಂದರಲ್ಲೂ ಬೆಳಕು ಅಚ್ಚುಕಟ್ಟು, ಬಟ್ಟೆಯ ಎಳೆ ಎಣಿಸಬಹುದು, ಮುಖವಿರಬೇಕಾದಲ್ಲಿ ಬೂದು ಕಾರ್ಡು. ಕೊನೆಗೆ ಮಗಳು ಗುರುತಿನ ಚೀಟಿಯ ಮಸುಕು ಚಿತ್ರವನ್ನೇ ದೊಡ್ಡದು ಮಾಡಿಸಿ ತಂದಳು. ಸಾಹೇಬರು ಅದನ್ನು ಬಹಳ ಹೊತ್ತು ನೋಡಿ, "ಇದನ್ನ ಯಾರು ತೆಗೆದಿದ್ದು?" ಎಂದರು. "ಯಾವನೋ ಗುಮಾಸ್ತ ಅಪ್ಪಾ," ಎಂದಳು ಮಗಳು. "ಅವನಾದ್ರೂ ಅಮ್ಮನ ಮುಖ ನೋಡಿದಾನೆ."