ಥೇಟರಿನಲ್ಲಿ ಕಲಿತ ಮರಾಠಿ

ಬೀಗರು ಅರ್ಧ ಚಹಾ ಬಿಟ್ಟು ಎದ್ದು ಹೋದದ್ದು ನನ್ನ ಬಾಯಿಯಿಂದ. ನನ್ನ ಮಗ ಈಗಲೂ ಮಂದಿಯ ಮುಂದೆ ‘ಏನೋ ಗೊಂದಲ ಆತು’ ಎಂದು ಸುತ್ತು ಹಾಕಿ ಹೇಳುತ್ತಾನೆ. ಗೊಂದಲ ಗಿಂದಲ ಏನಿಲ್ಲ. ನಾನು ಜಂಬ ಹೊಡೆದೆ, ಮೊಮ್ಮಗಳ ಸಂಬಂಧ ಮುರಿಯುವ ಮಟ್ಟಕ್ಕೆ ಬಂತು. ಇದರಲ್ಲಿ ಗಡಿಯದ್ದೂ ತಪ್ಪಿಲ್ಲ, ಭಾಷೆಯದ್ದೂ ತಪ್ಪಿಲ್ಲ.

ಜಂಬ ಯಾವುದರದ್ದೆಂದರೆ ನನ್ನ ಮರಾಠಿಯದ್ದು. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಕನ್ನಡ ಸಾಲಿಯಲ್ಲಿ. ಮರಾಠಿ ಕಲಿಸಿದ್ದು ಗೋಕಾಕದ ಥೇಟರು. ನಮ್ಮ ಯಜಮಾನರು ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸೂಟಿ ಇದ್ದ ದಿನ ಇಬ್ಬರೂ ಗೋಕಾಕಕ್ಕೆ ಹೋಗಿಬಿಡುತ್ತಿದ್ದೆವು. ಒಂದು ವಾರ ಕನ್ನಡ ಸಿನಿಮಾ, ಮರುವಾರ ಮರಾಠಿ, ನಡುವೆ ಹಿಂದಿ. ಯಾವುದು ಹಾಕಿದ್ದಾರೆ ಎಂದು ಕೇಳಿಕೊಂಡು ಹೋದವಳೇ ಅಲ್ಲ. ಮೂರೂ ಭಾಷೆಯಲ್ಲಿ ಅತ್ತೆಯಾದವಳು ಕೆಟ್ಟವಳೇ ಇರುತ್ತಿದ್ದಳು, ಹಾಗಾಗಿ ಕಥೆ ತಪ್ಪುತ್ತಿರಲಿಲ್ಲ. ಹಾಡಿನಲ್ಲಿ ಒಂದೊಂದು ಶಬ್ದ ಹಿಡಿದೆ, ಅಳುವ ಸೀನಿನಲ್ಲಿ ಇಡೀ ಮಾತು ಹಿಡಿದೆ. ನಮ್ಮ ಓಣಿಯಲ್ಲಿ ನನ್ನಷ್ಟು ಮರಾಠಿ ಆಡುವ ಹೆಂಗಸು ಬೇರೆ ಇಲ್ಲ. ಇದನ್ನು ಈಗಲೂ ಹೇಳುತ್ತೇನೆ.

ಟೀವಿಯವರು ಗಡಿ ಎಂದರೆ ಬಾವುಟ ಹಿಡಿದು ಒದರುವವರನ್ನೇ ತೋರಿಸುತ್ತಾರೆ. ಉಳಿದ ದಿನ ನಾವು ಹೇಗಿರುತ್ತೇವೆ ಎಂದು ಒಬ್ಬನಾದರೂ ಚೆಂದಾಗಿ ಸಿನಿಮಾ ತೆಗೆದಿದ್ದರೆ ನಾನಂತೂ ನೋಡಿಲ್ಲ. ತೆಗೆದರೂ ನಮ್ಮ ಕಡೆಯವನ ಬಾಯಲ್ಲಿ ಮಾತಿಗೊಂದು ‘ಮಗನ’ ತುರುಕಿ ಮಂದಿಯನ್ನು ನಗಿಸುತ್ತಾರೆ. ಮರಾಠಿಯವರ ಪಗಾರ, ಖರೆ, ಬಾಜೂ ಎಂಬ ಶಬ್ದ ನಾವು ತಂದು ಇಟ್ಟುಕೊಂಡಿದ್ದೇವೆ. ನಮ್ಮ ಅಕ್ಕ, ಅಣ್ಣ ಅವರ ಮನೆಯಲ್ಲಿ ಇದ್ದಾರೆ. ತಿರುಗಿ ಕೊಡಿ ಎಂದು ಯಾರೂ ಬಾಗಿಲಿಗೆ ಬಂದಿಲ್ಲ. ನನಗೆ ಇದರ ಬಗ್ಗೆ ಹೆಮ್ಮೆ ಇದೆ. ಆ ದಿನ ಆ ಹೆಮ್ಮೆ ಸ್ವಲ್ಪ ಹೆಚ್ಚೇ ಆಯಿತು.

ಮೊಮ್ಮಗಳು ಘಟಪ್ರಭಾದ ದವಾಖಾನೆಯಲ್ಲಿ ನರ್ಸ್. ಮೂಡಲಗಿಯ ನಮ್ಮ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಮುಂಜಾನೆ ಎದ್ದು ಹರ್ಮೋನಿಯಂ ಮುಂದೆ ಕೂತು ವಚನ ಹಾಡುತ್ತಾಳೆ. ನೋಡಲು ಬಂದ ನಾಲ್ಕು ಹುಡುಗರಿಗೆ ಮುಖ ತಿರುಗಿಸಿದವಳು ಗಡಿಯಾಚೆಯ ಈ ಗಡಹಿಂಗ್ಲಜದ ಮಾಸ್ತರನ ಫೋಟೋವನ್ನು ಮಾತ್ರ ಮೊಬೈಲಿನಲ್ಲಿ ಉಳಿಸಿಕೊಂಡಿದ್ದಳು. ಅವರೂ ನಮ್ಮ ಹಾಗೆ ಲಿಂಗವಂತರೇ. ಆದರೆ ಹುಡುಗನ ತಾಯಿ ಕೊಲ್ಹಾಪುರದ ಕಡೆ ಬೆಳೆದವಳು, ಕನ್ನಡ ಒಂದಕ್ಷರ ಬಾರದು.

ಅವರು ಬಂದ ದಿನ ಗಂಡಸರು ಪಡಸಾಲೆಯಲ್ಲಿ ಕೂತರು. ಒಳಗಿನ ಖೋಲಿಯಲ್ಲಿ ಬೀಗತಿ ಮತ್ತು ನಾನು. ಸೊಸೆ ಹುಕ್ಕೇರಿಯವಳು, ಮರಾಠಿ ಬಲ್ಲವಳು. “ನಾನೂ ಬಂದು ಕೂಡ್ಲ್ಯಾ ಅತ್ತಿ?” ಎಂದು ಕೇಳಿದಳು. “ನೀ ಉಪ್ಪಿಟ್ಟು ನೋಡ್ಕೋ ಹೋಗ. ಮಾತು ನನಗ ಬಿಡು” ಎಂದು ಅಡಿಗೆಮನೆಗೆ ಅಟ್ಟಿದೆ.

ಬೀಗತಿ ಚಹಾ ಗುಟುಕರಿಸುತ್ತ ಮೆಲ್ಲಗೆ ಕೇಳಿದಳು: “ಆಜೀ, ಮುಲೀಲಾ ರಾಗ ಯೇತೋ ಕಾ?”

ಹುಡುಗಿಗೆ ರಾಗ ಬರುತ್ತದೆಯೇ ಎಂದಳು. ಇಷ್ಟು ಸಲೀಸು ಪ್ರಶ್ನೆ ಕೇಳಿದ್ದಕ್ಕೆ ನನಗೆ ಖುಷಿಯಾಯಿತು. ಆಕೆ ಕೇಳಿದ್ದು, ನಾನು ಹೇಳಿದ್ದು ಎಲ್ಲ ಮರಾಠಿಯಲ್ಲಿ. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಬರತೈತ್ರಿ! ಭಾಳ ಛಲೋ ಬರತೈತಿ. ಮುಂಜಾನಿ ಎದ್ದ ಕೂಡಲೇ ಚಾಲೂ ಮಾಡತಾಳ, ಒಂದು ತಾಸು ಬಿಡಂಗಿಲ್ಲ.”

ಆಕೆ ಕಪ್ಪು ಕೆಳಗಿಟ್ಟಳು. “ದಿನಾ?”

“ದಿನಾ ಅಂದ್ರ ದಿನಾ. ಐದು ವರ್ಷದಾಕಿ ಇದ್ದಾಗಿಂದ. ನಮ್ಮ ಮನೆತನದಾಗ ಬಂದೈತ್ರಿ. ಅವರಜ್ಜಗಂತೂ ಹತ್ತು ಮಂದಿ ಕೂಡಿದ್ರ ಸಾಕು, ಬಂದೇ ಬಿಡತಿತ್ತು.”

“ಲಗ್ನ ಆದಮ್ಯಾಲ ಬಿಡತಾಳೇನು?”

“ಯಾಕ ಬಿಡಬೇಕು? ನಿಮ್ಮ ಮನಿಗೆ ಬಂದು ತೋರಸ್ತಾಳ ನೋಡ್ರಿ. ಓಣಿ ಮಂದಿ ನಿಮ್ಮ ಬಾಗಲದಾಗ ನಿಂತು ಕೇಳಬೇಕು!”

ಬೀಗತಿ ಸೆರಗು ಸರಿ ಮಾಡಿಕೊಂಡು ಎದ್ದಳು. ಬಸ್ಸಿಗೆ ಹೊತ್ತಾಯಿತು ಎಂದಳು. ಉಪ್ಪಿಟ್ಟು ಒಲೆಯ ಮೇಲೇ ಇತ್ತು.

ಅವರು ಹೋದ ಮೇಲೆ ಮಗ ಒಳಗೆ ಬಂದ. “ಯವ್ವಾ, ಏನಂದಿ ಅವರಿಗೆ?” ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೊಸೆ ಕೈಯಲ್ಲಿನ ಸೌಟು ಬಿಟ್ಟು ತಲೆ ಹಿಡಿದುಕೊಂಡಳು. “ಅಯ್ಯ ಅತ್ತಿ! ಮರಾಠ್ಯಾಗ ರಾಗ ಅಂದ್ರ ಸಿಟ್ಟ್ರಿ!”

ಆ ಶಬ್ದ ಥೇಟರಿನಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿತ್ತೋ. ಆದರೆ ಆಕೆ ಕೇಳುವಾಗ ನಾನು ಗೋಡೆಯ ಬಾಜೂ ಇದ್ದ ಹರ್ಮೋನಿಯಂ ನೋಡುತ್ತಿದ್ದೆ, ತಿಳಿವಳಿಕೆ ಅತ್ತ ಕಡೆ ಹೋಯಿತು. ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಕಡೆಗೆ ನಕ್ಕಳು. ಮೊಮ್ಮಗಳು ನಗಲಿಲ್ಲ. “ಆಯೀ, ನೀ ಪಿಚ್ಚರ್ ನೋಡಿದ್ದು ಇಷ್ಟಕ್ಕನಾ?” ಎಂದು ತಾಟು ದೂಡಿ ಎದ್ದು ಹೋದಳು. ಮರಾಠಿಯ ರಾಗ ಅವಳಿಗೆ ಅವತ್ತು ನಿಜವಾಗಿ ಬಂದಿತ್ತು.

ಫೋನ್ ಮಾಡಿ ತಿಳಿಸೋಣ ಎಂದ ಮಗ. ಸೊಸೆ ಮಾತಾಡಲಿ ಎಂದ. ನಾನು ಒಪ್ಪಲಿಲ್ಲ. ಅವಳು ಹೇಳಿದರೆ ತಪ್ಪು ಮುಚ್ಚಲು ಕಟ್ಟಿದ ಕಥೆಯ ಹಾಗೆ ಕೇಳುತ್ತದೆ. ನನ್ನ ಹರಕು ಮರಾಠಿ ಕೇಳಿದರೆ ಮಾತ್ರ ಇವಳು ನಿಜವಾಗಿಯೂ ತಪ್ಪಿದ್ದಾಳೆ ಎಂದು ಆಕೆಗೆ ಖಾತ್ರಿಯಾಗುತ್ತದೆ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಒಬ್ಬಳೇ ಹೊರಟೆ. ಗೋಕಾಕ, ಹುಕ್ಕೇರಿ, ಸಂಕೇಶ್ವರ. ಅಲ್ಲಿಯ ತನಕ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಬಂದೆ. ಅಲ್ಲಿಂದ ಮುಂದೆ ಅವರ ಬಸ್ಸು, ಟಿಕೀಟು ತೆಗೆಸಿದೆ. ಬೀಗತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಹಿಡಿದುಕೊಂಡೇ ಎದ್ದು ನಿಂತಳು. ಕೂಡ್ರಿ ಎನ್ನಲಿಲ್ಲ. ನಾನೂ ಕಾಯಲಿಲ್ಲ. ನಿಂತಲ್ಲೇ, ಬಾಜೂ ಮನೆಯವರಿಗೂ ಕೇಳುವ ಹಾಗೆ, ನನ್ನ ಥೇಟರಿನ ಮರಾಠಿಯಲ್ಲಿ ಹೇಳಿದೆ: “ನೀವು ಕೇಳಿದ್ದು ಸಿಟ್ಟು. ನಾ ಹೇಳಿದ್ದು ಹಾಡು. ಹುಡುಗಿ ಛಲೋದಾಕಿ, ಕಿವಿ ನಂದು ಕೆಟ್ಟೈತಿ.”

ಆಕೆ “ದಿನಾ ಒಂದು ತಾಸು... ಹಾಡು?” ಎಂದಳು. ಆಮೇಲೆ ಮೊರ ಕೆಳಗೆ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು. ಗಂಡನನ್ನು ಕರೆದು ನನ್ನಿಂದ ಇನ್ನೊಮ್ಮೆ ಹೇಳಿಸಿದಳು. ಎರಡನೇ ಸಲ ನಾನು ಇನ್ನೂ ಚೆಂದ ಹೇಳಿದೆ. ಅವರು ಮಾಡಿದ ಚಹಾವನ್ನು ಪೂರಾ ಕುಡಿದು, ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವ ಸಾಖರಪುಡಾಕ್ಕೆ ದಿನ ಗೊತ್ತು ಮಾಡಿಸಿದ ಮೇಲೆಯೇ ಚಪ್ಪಲಿ ಮೆಟ್ಟಿದೆ.