ಬೇಕೆಂದೇ ತಪ್ಪಿದ ತಾಳ

ನಮ್ಮಣ್ಣನಿಗೆ ತಾಳ ತಪ್ಪುತ್ತಿತ್ತು ಅಂತ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ಕಾರ್ಖಾನೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದವನು. ಅವನು ಹೊಡೆದ ಪೆಟ್ಟಿಗೆ ಇಡೀ ಸಾಲಿನ ಕಾಲು ಏಳಬೇಕು, ಬೀಳಬೇಕು. ಅಂಥವನಿಗೆ ತಾಳ ತಪ್ಪುತ್ತಿತ್ತಂತೆ! ಹೇಳುವವರ ಬಾಯಿಗೆ ಬೆಂಕಿ ಬೀಳಲಿ.

ರಸ್ತೆಬದಿ ನಿಂತು ನೋಡುವವರಿಗೆ ಬ್ಯಾಂಡ್ ಎಂದರೆ ಹಿತ್ತಾಳೆಯ ಗುಂಡಿ, ಕೆಂಪು ಕೋಟು, ಠೀವಿಯ ನಡಿಗೆ. ಮನೆಯಲ್ಲಿ ಅವನ ಬೆನ್ನು ತಿಕ್ಕುತ್ತಿದ್ದ ನನಗೆ ಕಂಡದ್ದು ಬೇರೆ. ಎದೆಯ ಮೇಲೆ ಅಷ್ಟು ದೊಡ್ಡ ಡ್ರಮ್ ತೂಗುತ್ತಿದ್ದರೆ ತನ್ನ ಕಾಲು ತನಗೇ ಕಾಣುವುದಿಲ್ಲ. ಮುಂದಕ್ಕೆ ಮುಗ್ಗರಿಸಬಾರದೆಂದು ಮೈ ಹಿಂದಕ್ಕೆ ವಾಲಿಸಬೇಕು, ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಪಟ್ಟಿ ಕೂರುವ ಜಾಗದಲ್ಲಿ ಹೆಗಲಿನ ಚರ್ಮ ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ಕಿವಿಯಲ್ಲಿ ಸದಾ ಗುಂಯ್ ಅನ್ನುವ ಸದ್ದು. ಅವನಿಗೆ ಕೇಳಲೆಂದು ಅತ್ತಿಗೆಯೂ ನಾನೂ ಕಿರುಚಿಯೇ ಮಾತಾಡುತ್ತಿದ್ದೆವು. ಅಕ್ಕಪಕ್ಕದವರು ನಾವು ದಿನವೆಲ್ಲ ಜಗಳವಾಡುತ್ತೇವೆ ಅಂದುಕೊಂಡಿದ್ದರು. ಅದೇನೂ ಪೂರ್ತಿ ಸುಳ್ಳಲ್ಲ ಬಿಡಿ.

ತಾಲೀಮು ನಡೆಯುತ್ತಿದ್ದದ್ದು ಗೋದಾಮಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ. ಅಲ್ಲಿ ನೆರಳು ಅನ್ನುವುದೇ ಇಲ್ಲ. ಒಂದು ಹಾಡು ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಮುಗಿಯುವ ತನಕ ಯಾರೂ ನೀರು ಮುಟ್ಟಬಾರದು, ಯಾರೂ ಸಾಲು ಬಿಡಬಾರದು. ಇದು ಬ್ಯಾಂಡ್ ಮಾಸ್ಟರರ ಕಾನೂನು. ಅದನ್ನು ಮೀರಿ ಸಾಲು ಬಿಟ್ಟವನಿಗೆ ಮತ್ತೆ ಬ್ಯಾಂಡಿನಲ್ಲಿ ಜಾಗವಿರಲಿಲ್ಲ.

ಹಾಗಾಗಿ ಬಾರಿಸುವವರು ತಮ್ಮತಮ್ಮಲ್ಲೇ ಒಂದು ದಾರಿ ಮಾಡಿಕೊಂಡಿದ್ದರು. ಪಕ್ಕದವನ ತುಟಿ ಬಿಳಿಚಿದರೆ, ಮೊಣಕಾಲು ನಡುಗಿದರೆ, ಇವನು ಬೇಕೆಂದೇ ಒಂದು ತಪ್ಪು ಸ್ವರ ನುಡಿಸಬೇಕು. ಮಾಸ್ಟರರು ಸಾಲು ನಿಲ್ಲಿಸಿ ಇವನನ್ನು ಬೈಯಲು ಬರುತ್ತಾರೆ. ಅವರು ಬೈದು ಮುಗಿಸುವಷ್ಟರಲ್ಲಿ ಪಕ್ಕದವನು ಬಗ್ಗಿ ನಾಲ್ಕು ಉಸಿರು ಎಳೆದುಕೊಂಡು ಸುಧಾರಿಸಿಕೊಳ್ಳುತ್ತಾನೆ. ಎಷ್ಟೋ ಜನರ ಜೀವ ಹೀಗೆ ಉಳಿದಿದೆ. ಮಾಸ್ಟರರಿಗೆ ಮಾತ್ರ ಇದರ ಸುಳಿವಿರಲಿಲ್ಲ.

ಅಣ್ಣನ ಪಕ್ಕದಲ್ಲಿ ನಿಲ್ಲುತ್ತಿದ್ದವನು ತುತ್ತೂರಿ. ಅದೇ ವಾದ್ಯ, ಅದೇ ಅಡ್ಡಹೆಸರು. ಊದಿ ಊದಿ ಅವನ ತುಟಿ ಒಡೆದಿರುತ್ತಿತ್ತು, ಬಿಸಿಲೇರಿದರೆ ತಲೆ ಸುತ್ತುತ್ತಿತ್ತು. ಅವನಿಗಾಗಿ ಅಣ್ಣ ಎಷ್ಟು ಸಲ ಪೆಟ್ಟು ತಪ್ಪಿಸಿದ್ದಾನೋ ದೇವರೇ ಬಲ್ಲ. ದೊಡ್ಡ ಡ್ರಮ್ ತಪ್ಪಿದರೆ ಸಾಲಿನ ಕಾಲೆಲ್ಲ ಗೋಜಲಾಗುತ್ತದೆ, ಹಾಗಾಗಿ ಬೈಗುಳವೂ ಅಷ್ಟೇ ಜೋರು. "ಕೈಗೇನು ಹುಣ್ಣಾಗಿದೆಯೇನೋ?" ಎಂದು ಮಾಸ್ಟರರು ಅರಚುತ್ತಿದ್ದರು. ಅಣ್ಣ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಮನೆಗೆ ಬಂದು, "ಇವತ್ತೂ ಅವನಿಗೋಸ್ಕರ ಚೆನ್ನಾಗಿ ಉಗಿಸ್ಕೊಂಡೆ ಕಣೇ" ಎಂದು ನಗುತ್ತಿದ್ದ.

ತುತ್ತೂರಿ ನಮ್ಮ ಮನೆಯಲ್ಲೇ ಬಿದ್ದಿರುತ್ತಿದ್ದ. "ತಂಗೀ, ನಿಮ್ಮಣ್ಣ ಇಲ್ದೇ ಹೋಗಿದ್ರೆ ನಾನು ಯಾವತ್ತೋ ಮಣ್ಣಾಗಿ ಹೋಗ್ತಿದ್ದೆ" ಎನ್ನುತ್ತಾ ತಟ್ಟೆ ಮುಂದೆ ಚಾಚುತ್ತಿದ್ದ. ನಾನು ಇನ್ನಷ್ಟು ಬಡಿಸುತ್ತಿದ್ದೆ. ಎಂಥ ಪೆದ್ದಿ ನಾನು!

ಒಂದು ಬೇಸಿಗೆಯಲ್ಲಿ ಅಸಿಸ್ಟೆಂಟ್ ಮಾಸ್ಟರರ ಜಾಗ ಖಾಲಿಯಾಗುವುದಿತ್ತು. ತುತ್ತೂರಿಗೆ ಅದರ ಮೇಲೆ ಕಣ್ಣು. ಕಾರ್ಖಾನೆಯ ಮಾಲೀಕರು ಬ್ಯಾಂಡ್ ನೋಡಲು ಬರುವ ಹಿಂದಿನ ದಿನ ಕತ್ತಿನವರೆಗೆ ಗುಂಡಿ ಹಾಕಿದ ಉಣ್ಣೆಯ ಕೋಟಿನಲ್ಲಿ ಕೊನೆಯ ತಾಲೀಮು. ಅಣ್ಣನಿಗೆ ಹೊಟ್ಟೆ ಕೆಟ್ಟು ಮೈಯಲ್ಲಿ ತ್ರಾಣವಿರಲಿಲ್ಲ. "ಬೇಡ ಕಣೋ" ಅಂದೆ. ಕೇಳಿದರೆ ತಾನೆ? ಗೋದಾಮಿನ ಮೂಲೆಯಲ್ಲಿ ಸಾಲು ತಿರುಗುವಾಗ ಅವನ ಕಣ್ಣಿಗೆ ಎಲ್ಲ ಬೆಳ್ಳಗೆ ಕಂಡಿತಂತೆ. ತುತ್ತೂರಿಯ ಕಡೆ ವಾಲಿದನಂತೆ. "ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಕಣೇ. ನೋಡಿ ಮುಂದಕ್ಕೆ ತಿರುಗಿಕೊಂಡ" ಎಂದು ಅಣ್ಣ ಆಮೇಲೆ ಹೇಳಿದ.

ಎದುರಿಗೆ ಮಾಸ್ಟರರು ಕಿವಿ ನಿಮಿರಿಸಿ ನಿಂತಿದ್ದರು. ತುತ್ತೂರಿ ಒಂದು ಸ್ವರವನ್ನೂ ಕೆಡಿಸಲಿಲ್ಲ. ಅಣ್ಣ ಡ್ರಮ್ಮಿನ ಸಮೇತ ಬಿದ್ದ. ಸೊಂಟ ಅದರ ಅಂಚಿಗೆ ಬಡಿದು ಮೂಳೆ ಬಿರಿಯಿತು. ಆಸ್ಪತ್ರೆಯಲ್ಲಿ ನಾನು ಮುಟ್ಟಿದಾಗ ಮೈ ಒಲೆಯ ಮೇಲಿನ ಹೆಂಚಾಗಿತ್ತು. ಜೀವ ಉಳಿಯಿತು, ಒಂದು ಕಾಲು ಮಾತ್ರ ಇವತ್ತಿಗೂ ಎಳೆಯುತ್ತದೆ.

ತಾಲೀಮಿನಲ್ಲಿ ಪೆಟ್ಟಾದವನನ್ನು ಬ್ಯಾಂಡ್ ಬಿಟ್ಟುಕೊಡುವುದಿಲ್ಲ. ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಹೊಸಬರಿಗೆ ಕಲಿಸಲು ಇಟ್ಟುಕೊಳ್ಳುತ್ತದೆ. ಅಣ್ಣನಿಗೆ ಬೇಕಾಗಿದ್ದದ್ದು ಅಷ್ಟೇ, ಆ ಕುರ್ಚಿ. ಕಾಯಿಲೆ ಮುಚ್ಚಿಟ್ಟು ಬಂದವನಾದರೆ ಅದೂ ಇಲ್ಲ. ಅದನ್ನು ತೀರ್ಮಾನಿಸುವ ವಿಚಾರಣೆಗೆ ನಾನೇ ಅವನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಪಕ್ಕದಲ್ಲಿ ನಿಂತವನ ಮಾತೇ ಮುಖ್ಯ ಅಂದರು. ತುತ್ತೂರಿ ಎದ್ದು ನಿಂತ. ಆಗಲೇ ಅವನ ತೋಳಿಗೆ ಅಸಿಸ್ಟೆಂಟ್ ಮಾಸ್ಟರರ ಪಟ್ಟಿ ಬಂದಿತ್ತು.

"ಅವನಿಗೆ ಬಹಳ ದಿನದಿಂದ ತಾಳ ತಪ್ತಿತ್ತು ಸಾರ್. ಎಷ್ಟು ಸಲ ಬೈಸ್ಕೊಂಡಿದ್ದಾನೆ, ಎಲ್ರಿಗೂ ಗೊತ್ತು. ಮೈ ಸರಿಯಿರ್ಲಿಲ್ಲ, ಮುಚ್ಚಿಟ್ಟಿದ್ದ."

ಅಯ್ಯೋ ಪಾಪಿ! ತನ್ನ ಜೀವ ಉಳಿಸಲು ಅಣ್ಣ ತಪ್ಪಿಸಿದ ಪೆಟ್ಟುಗಳನ್ನೇ ತೆಗೆದು ಅವನ ತಲೆಗೆ ಹೊಡೆದ. ಮಾಸ್ಟರರೂ ಅಲ್ಲೇ ಕೂತಿದ್ದರು, ಬ್ಯಾಂಡಿನ ಉಳಿದವರೆಲ್ಲ ನೆಲ ನೋಡುತ್ತಿದ್ದರು. "ತಪ್ಪಿದ್ದು ನಿಜವೇನಪ್ಪ?" ಎಂದು ವಿಚಾರಣೆ ನಡೆಸುತ್ತಿದ್ದ ಸಾಹೇಬರು ಕೇಳಿದರು. "ನಿಜ ಸಾರ್" ಅಂದ ಅಣ್ಣ. ಯಾಕೆ ಎಂದು ಮತ್ತೆ ಕೇಳಿದರು. ನಾನು ಹಿಂದಿನಿಂದ ಎಷ್ಟು ತಿವಿದರೂ ಬಾಯಿ ಬಿಡಲಿಲ್ಲ. ಆ ಕುರ್ಚಿಯೂ ಕೈತಪ್ಪಿತು.

ಮನೆಗೆ ಬಂದವಳೇ ಹರಿಹಾಯ್ದೆ. "ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

"ಹೇಳಿದ್ರೆ ಮಾಸ್ಟರಿಗೆ ಗೊತ್ತಾಗುತ್ತೆ. ಆಮೇಲೆ ಯಾರು ತಪ್ಪು ನುಡಿಸಿದ್ರೂ ಅವರು ಸಾಲು ನಿಲ್ಲಿಸಲ್ಲ. ಉಳಿದೋರು ಉಸಿರಾಡೋದು ಬೇಡ್ವೇನೇ?"

"ಮತ್ತೆ ನಿನ್ನ ಹೆಸರು?"

"ಹೋಗ್ಲಿ ಬಿಡು" ಅಂದ. ಹೋಗ್ಲಿ ಬಿಡು ಅಂದವನು ರೇಡಿಯೋದಲ್ಲಿ ಡ್ರಮ್ಮಿನ ಸದ್ದು ಬಂದರೆ ಕಾಲೆಳೆಯುತ್ತಾ ಹೋಗಿ ಅದನ್ನು ಆರಿಸುತ್ತಿದ್ದ.

ಸ್ವಲ್ಪ ದಿನ ಕಳೆದು ತುತ್ತೂರಿ ಹಣ್ಣು ಹಿಡಿದುಕೊಂಡು ಬಂದ. "ನಾನು ವಾಲಿದ್ದು ನಿಂಗೆ ಕಂಡಿತ್ತಾ?" ಎಂದು ಅಣ್ಣ ಕೇಳಿದ. "ಕಂಡಿತ್ತು. ನಂಗೂ ಒಂದು ಸಂಸಾರ ಇದೆ ಕಣೋ" ಅಂದ. "ಆ ದಿನದ್ದು ಇರ್ಲಿ. ವಿಚಾರಣೇಲಿ ಹೇಳಿದ್ಯಲ್ಲ, ಅದು?" ತುತ್ತೂರಿ ಎದ್ದು ಚಪ್ಪಲಿ ಹುಡುಕತೊಡಗಿದ. ಅವನ ಹಿಂದೆಯೇ ಹಣ್ಣಿನ ಚೀಲವನ್ನು ಬೀದಿಗೆ ಎಸೆದೆ. ಅತ್ತಿಗೆ ಬೈದಳು, ಬೈಯಲಿ.

ಹೋದ ವಾರ ಅಣ್ಣನ ಜಾಗಕ್ಕೆ ಬಂದ ಡ್ರಮ್ಮಿನವರು ಮನೆ ಹುಡುಕಿಕೊಂಡು ಬಂದರು. ಪ್ಯಾಕಿಂಗ್ ವಿಭಾಗದಿಂದ ಬಂದ ಸಂಸಾರಸ್ಥರು, ಪಾಪದ ಮನುಷ್ಯ. ಸೊಂಟ ಹಿಡಿದುಕೊಂಡಿದೆ, ಏನು ಮಾಡಲಿ ಎಂದರು. ಅಣ್ಣನ ಮುಖ ಅಷ್ಟು ಅರಳಿದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂದ. ಹಳೇ ಬಟ್ಟೆ ತರಿಸಿ, ಬೆಲ್ಟಿನ ಕೆಳಗೆ ಹೇಗೆ ಬಿಗಿಯಬೇಕೆಂದು ತಾನೇ ಕಟ್ಟಿ ತೋರಿಸತೊಡಗಿದ.

ಆಗ ಅವರು ತಡೆದು ತಡೆದು ಹೇಳಿದರು. "ಅಣ್ಣ, ಮೊನ್ನೆ ನನ್ನ ಪಕ್ಕದ ಕ್ಲಾರಿನೆಟ್‌ನವರು ವಾಲಿದ್ರು. ಹಳಬರು ಹೇಳ್ಕೊಟ್ಟಿದ್ದ ಹಾಗೆ ಬೇಕಂತ ಪೆಟ್ಟು ತಪ್ಪಿಸ್ದೆ. ಅಸಿಸ್ಟೆಂಟ್ ಮಾಸ್ಟರ್ ನಕ್ಕುಬಿಟ್ರು. 'ಈ ಆಟ ಎಲ್ಲ ನಂಗೆ ಗೊತ್ತು, ನಿಲ್ಲಬೇಡಿ, ನಡೀರಿ' ಅಂದ್ರು. ಕ್ಲಾರಿನೆಟ್‌ನವರು ಇನ್ನೂ ಆಸ್ಪತ್ರೇಲಿದ್ದಾರೆ."

"ದೊಡ್ಡ ಮಾಸ್ಟರ್ ಏನಂದ್ರು?" ಅಣ್ಣನ ದನಿ ಸಣ್ಣದಾಗಿತ್ತು.

"ಅವರಿಗೂ ಗೊತ್ತಂತೆ. ತೋಳಿಗೆ ಪಟ್ಟಿ ಬಂದ ದಿನವೇ ಅಸಿಸ್ಟೆಂಟ್ ಮಾಸ್ಟರ್ ಎಲ್ಲಾ ಹೇಳಿಬಿಟ್ಟಿದ್ರಂತೆ."

ಅಂದರೆ ವಿಚಾರಣೆಗೆ ಮುಂಚೆಯೇ. ಅಣ್ಣನ ತಾಳ ತಪ್ಪಿರಲಿಲ್ಲವೆಂದು ಆ ಕೋಣೆಯಲ್ಲಿ ಕೂತಿದ್ದ ಮಾಸ್ಟರರಿಗೂ ಗೊತ್ತಿತ್ತು.

ಅಣ್ಣ ಆ ಡ್ರಮ್ಮಿನವರ ಸೊಂಟದ ಗಂಟನ್ನು ಬಿಗಿ ಮಾಡಿ, ಅವರನ್ನು ಬಾಗಿಲವರೆಗೆ ಕಳಿಸಿ ಬಂದ. ಗೋಡೆ ಹಿಡಿದು ನಿಂತ. ಬಿದ್ದಾಗ ಅಳದವನು, ವಿಚಾರಣೆಯಲ್ಲಿ ಅಳದವನು, ನನ್ನೆದುರು ಬಿಕ್ಕಿಬಿಕ್ಕಿ ಅತ್ತ.

"ಹಾಗಾದ್ರೆ ನಾನು ಬಾಯಿ ಮುಚ್ಕೊಂಡಿದ್ದು ಯಾರಿಗೋಸ್ಕರ ಕಣೇ?" ಎಂದು ಕೇಳಿದ.